ಹಸುಬೆ ಮಾದಯ್ಯ ಮತ್ತು ತುಮಕೂರಿನ ಮೇಷ್ಟ್ರು

ಹಂಗಳದ ಮಾದಯ್ಯ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಹೆಗಲು ನೋಡುತ್ತಿದ್ದ. ನಾನು ಮೊದಲ ಸಲ ಅವನ ಜಗಲಿಯ ಮುಂದೆ ನಿಂತು, ಯಾವ ಇಲಾಖೆಯವಳು, ಯಾತಕ್ಕೆ ಬಂದೆ, ಸರ್ಕಾರಕ್ಕೆ ಅವನ ಕಸುಬಿನ ಮೇಲೆ ಎಷ್ಟು ಅಭಿಮಾನ ಎಂದೆಲ್ಲ ವಿವರಿಸುತ್ತಿದ್ದಷ್ಟು ಹೊತ್ತೂ ಅವನ ಕಣ್ಣು ನನ್ನ ಬಲಭುಜದ ಮೇಲೇ ಇತ್ತು. ಅಲ್ಲೇನೋ ಹುಳು ಹರಿಯುತ್ತಿದೆಯೆಂದು ನಾನು ಸೆರಗು ಕೊಡವಿಕೊಂಡೆ. ನನ್ನ ಭಾಷಣ ಮುಗಿದ ಮೇಲೆ ಅವನು ಹೇಳಿದ್ದು ಇಷ್ಟೇ:

"ಎಡಗೈಲೇ ಪುಸ್ತ್ಕ ಹೊತ್ತು ಹೊತ್ತು ಅಭ್ಯಾಸ ಕಣಮ್ಮಿ ನಿಂಗ. ಬಲ್ಗಡೆ ಎಗ್ಲು ಮ್ಯಾಕೆದ್ಬುಟ್ಟದ."

ನನ್ನ ಜೊತೆಗೆ ಬಂದಿದ್ದ ಆಫೀಸಿನ ಜವಾನ ಬಸಪ್ಪ ಗದರಿದ. "ಏ ಮಾದಯ್ಯ, ಅಮ್ಮೋರೆ ಅನ್ನು. ಆಪೀಸ್ನೋರು ಅವ್ರು."

"ಅನ್ನನ ಬುಡ್ಲಾ. ಅಮ್ಮೋರ್ದೂ ಎಗ್ಲೇ ತಾನೆ?"

ಈ ಮಾತುಗಳು ನನ್ನ ಡೈರಿಯಲ್ಲಿಲ್ಲ. ಆ ದಿನದ ಪುಟದಲ್ಲಿ "ಹಂಗಳ ಭೇಟಿ. ನೇಕಾರ ಸಾಧು ಮನುಷ್ಯ, ಒಪ್ಪುವಂತಿದೆ" ಎಂದು ಬರೆದುಕೊಂಡಿದ್ದೇನೆ. ಸಾಧು ಮನುಷ್ಯ! ಆ ಎರಡು ಪದಗಳನ್ನು ಓದಿದಾಗಲೆಲ್ಲ ಡೈರಿಯನ್ನು ನಂಬಲೋ ನೆನಪನ್ನು ನಂಬಲೋ ತಿಳಿಯುವುದಿಲ್ಲ. ಡೈರಿ ಬರೆದವಳಿಗೆ ಮಾದಯ್ಯ ಇನ್ನೂ ಗೊತ್ತಿರಲಿಲ್ಲ. ನೆನಪಿಟ್ಟುಕೊಂಡವಳಿಗೆ ಅವನು ಅತಿಯಾಗಿ ಗೊತ್ತಾಗಿದ್ದ.

ನಾನು ಆಗಷ್ಟೇ ಮೈಸೂರಿನಲ್ಲಿ ಬಿ.ಎ. ಮುಗಿಸಿ ಗುಂಡ್ಲುಪೇಟೆಗೆ ಬಂದಿದ್ದೆ. ಐವತ್ತರ ದಶಕದ ನಡುಭಾಗ. ಹಳ್ಳಿಯ ಕೈಕಸುಬುಗಳನ್ನು ಉಳಿಸಬೇಕೆಂದು ಸರ್ಕಾರ ಹೊಸದಾಗಿ ಮನಸ್ಸು ಮಾಡಿದ್ದ ಕಾಲ. ನನ್ನಂಥವರನ್ನು ಕಾಳು ಚೆಲ್ಲಿದ ಹಾಗೆ ತಾಲ್ಲೂಕುಗಳಿಗೆ ಚೆಲ್ಲಿದ್ದರು. ನನ್ನ ಪಾಲಿಗೆ ಬಂದದ್ದು ಹಸುಬೆ.

ಹಸುಬೆಯನ್ನು ಕಾಣದವರಿಗೆ ಅದೇನೆಂದು ಹೇಳಬೇಕು. ಎರಡು ತುದಿಯೂ ಮುಚ್ಚಿ, ನಡುವೆ ಬಾಯಿ ಇರುವ ಉದ್ದನೆಯ ಚೀಲ. ಹೆಗಲ ಮೇಲೆ ಹಾಕಿಕೊಂಡರೆ ಎದೆಯ ಕಡೆಗೊಂದು, ಬೆನ್ನಿನ ಕಡೆಗೊಂದು ಚೀಲ ಇಳಿಬೀಳುತ್ತದೆ. ಎರಡು ಕೈಯೂ ಬಿಡುವಾಗಿರುತ್ತವೆ. ದೊಡ್ಡ ಹಸುಬೆಗಳನ್ನು ಎತ್ತಿನ ಬೆನ್ನಿಗೆ ಹೇರಿ, ಹಂಗಳದ ಮುಂದಿನ ದಾರಿಯಲ್ಲೇ ಕಾಡು ದಾಟಿ ವಯನಾಡಿಗೆ ರಾಗಿ, ಹುರುಳಿ ಒಯ್ಯುತ್ತಿದ್ದರಂತೆ. ಲಾರಿ ಬಂದ ಮೇಲೆ ಎತ್ತಿನ ಹಸುಬೆ ಹೋಯಿತು. ಆಳಿನ ಹಸುಬೆ ಮಾತ್ರ ಅಲ್ಲೊಂದು ಇಲ್ಲೊಂದು ಮುದುಕರ ಹೆಗಲ ಮೇಲೆ ಉಳಿದಿತ್ತು. ಹಾಸಿನ ಉದ್ದೆಳೆಗೆ ಸೆಣಬಿನ ಹುರಿ, ಹೊಕ್ಕಿನ ಅಡ್ಡೆಳೆಗೆ ಕೈನೂಲು ಹಾಕಿ, ನೆಲಕ್ಕೆ ಗೂಟ ಹೊಡೆದ ಮಗ್ಗದಲ್ಲಿ ಅದನ್ನು ನೇಯುವವನು ಆ ಸುತ್ತಿನಲ್ಲಿ ಮಾದಯ್ಯ ಒಬ್ಬನೇ. ಅದರಲ್ಲೂ ಹೆಗಲ ಮೇಲೆ ಕೂರುವ ಗೇಣುದ್ದದ ಭಾಗವಿದೆಯಲ್ಲ, ಅದಕ್ಕೆ ಅವರು ಕತ್ತು ಎನ್ನುತ್ತಾರೆ. ಅದು ಜಾರಲೂ ಬಾರದು, ಭುಜವನ್ನು ಕೊರೆಯಲೂ ಬಾರದು. ಎಳೆಯೆಳೆಗೂ ಬಿಗಿ ಬದಲಿಸುತ್ತ ಆ ಕತ್ತನ್ನು ನೇಯುವುದು ಅವನ ಕೈಯನ್ನು ಬಿಟ್ಟರೆ ಇನ್ನೊಂದು ಕೈಗೆ ಗೊತ್ತಿರಲಿಲ್ಲ.

ಹಂಗಳದಲ್ಲಿ ಒಂದು ವರ್ಷದ ಮಟ್ಟಿಗೆ ತರಬೇತಿ ಕೇಂದ್ರ ಮಂಜೂರಾಯಿತು. ಬೆಂಗಳೂರಿನ ಒಂದು ಮಳಿಗೆ ಐವತ್ತು ಹಸುಬೆ ಕೇಳಿತು. ವರ್ಷದೊಳಗೆ ಐವತ್ತನ್ನೂ ಕಳಿಸಿದರೆ ಕೇಂದ್ರ ಕಾಯಂ ಆಗುತ್ತದೆ, ಮಾದಯ್ಯನ ವಿದ್ಯೆ ನಾಲ್ಕು ಜನಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬಾಗಿಲು ಮುಚ್ಚುವುದು. ಲೆಕ್ಕ ಅಷ್ಟು ಸರಳವಾಗಿತ್ತು. ಕಲಿಯಲು ಆರು ಜನ ಬಂದರು. ಮಾದಯ್ಯನ ಬಾಯಿಗೆ ಹೆದರಿ ತಿಂಗಳೊಳಗೆ ಐದು ಜನ ಬಿಟ್ಟುಹೋದರು. ಉಳಿದವಳು ಪುಟ್ಟತಾಯಿ. ಅವನ ತಮ್ಮನ ಸೊಸೆ, ಉಡಿಗಾಲವೆಂಬ ಊರಿನ ಹೆಣ್ಣು. ಬಾಯಲ್ಲಿ ಅವಳೂ ಅವನಿಗೇನೂ ಕಡಿಮೆಯಿರಲಿಲ್ಲ, ಆದ್ದರಿಂದ ಉಳಿದಳು.

ನೂಲು ಬಂತು, ಸೆಣಬು ಬಂತು, ಇಲಾಖೆಯ ಹೊಸ ಮಗ್ಗವೂ ಬಂತು. ಮಾದಯ್ಯ ಅದರ ಮೇಲೆ ಒಗೆದ ಪಂಚೆ ಒಣಹಾಕಿ ತನ್ನ ಹಳೆಯ ಮಗ್ಗದ ಮುಂದೆ ಕೂತ. ಕೂತವನು ಕೈ ಕಟ್ಟಿಕೊಂಡೇ ಕೂತಿದ್ದ.

"ಶುರು ಮಾಡಿ ತಾತ" ಎಂದೆ.

"ಯಾರ್ ಯಾರ್ಗ ಅಂತ ಯೇಳು ಮದ್ಲು."

"ಬೆಂಗಳೂರಿಗೆ."

"ಬೆಂಗ್ಳೂರ್ಗ ಎಗ್ಲು ಅದ್ದಾ?"

ಮಳಿಗೆಯಲ್ಲಿ ತೂಗುಹಾಕುತ್ತಾರೆ, ಬಂದವರು ನೋಡಿ ಕೊಳ್ಳುತ್ತಾರೆ ಎಂದು ವಿವರಿಸಿದೆ.

"ಬಂದೋರು ಅಂದ್ರ ಯಾರಮ್ಮಿ? ಕುಳ್ಳಗವ್ರಾ, ಉದ್ದಕವ್ರಾ? ಎದೆ ಮುಂದಿದ್ದೋರಾ, ಎದೆ ಒಳಕ್ಕೋದೋರಾ? ಎಗ್ಲು ತಿಳೀದೆ ಕತ್ತು ಎಂಗ ನೇಯ್ಲಿ? ನಾನೇನು ಗೋಣಿಚೀಲ ಮಾಡೋನಾ?"

ಅವನ ಪದ್ಧತಿಯೇ ಹಾಗಿತ್ತು. ಹಸುಬೆ ಬೇಕಾದವರು ಬಂದು ಅವನ ಮುಂದೆ ನಿಲ್ಲಬೇಕು. ಬರಲಾಗದವರು ಒಂದು ದಾರ ಕಳಿಸಬೇಕು. ಮುಂದೆ ಸೊಂಟದಿಂದ ಹಿಡಿದು ಹೆಗಲ ಮೇಲೆ ಹಾಯಿಸಿ ಹಿಂದೆ ಸೊಂಟದವರೆಗೆ ಇಳಿಬಿಟ್ಟ ದಾರ. ಹೆಗಲ ನೆತ್ತಿಯಲ್ಲಿ ಒಂದು ಗಂಟು. ಅವನು ಕಣ್ಣು ಮುಚ್ಚಿ ಆ ದಾರವನ್ನು ಬೆರಳಲ್ಲಿ ಎಳೆದುಕೊಂಡರೆ ಮನುಷ್ಯ ಎದುರಿಗೆ ನಿಂತಂತೆ. ಗೋಡೆಯ ಗೂಟದಲ್ಲಿ ಅಂಥ ದಾರಗಳ ಒಂದು ಜೊಂಪೆಯೇ ಇತ್ತು. "ಇವ್ರು ತೆರಕಣಾಂಬಿ ಸೆಟ್ರು. ತೀರ್ಕಂಡು ಆರೇಳು ವರ್ಸಾಯ್ತು. ಒಳ್ಳೇ ಎಗ್ಲು" ಎಂದು ತೋರಿಸುತ್ತಿದ್ದ.

ಒಂದು ವಾರ ವಾದ ಮಾಡಿದೆ. ಅರ್ಥಶಾಸ್ತ್ರದಲ್ಲಿ ಓದಿದ ಮಾರುಕಟ್ಟೆಯ ತತ್ವಗಳನ್ನೆಲ್ಲ ಹಂಗಳದ ಕನ್ನಡಕ್ಕೆ ಇಳಿಸಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಕೊನೆಗೆ "ಎಲ್ಲ ಸರಿ ಕಣಮ್ಮಿ, ಯಾರ್ಗ?" ಎನ್ನುತ್ತಿದ್ದ. ಎಂಟನೆಯ ದಿನ ನಾನು ಮಾಡಿದ ಕೆಲಸವನ್ನು ಇಂದಿಗೂ ಹೆಮ್ಮೆಯಿಂದ ಹೇಳಲಾರೆ. ಭಾನುವಾರ ಮಧ್ಯಾಹ್ನ ಗುಂಡ್ಲುಪೇಟೆಯ ನನ್ನ ಕೋಣೆಯಲ್ಲಿ ಕೂತು ಐವತ್ತು ದಾರ ಕತ್ತರಿಸಿದೆ. ನನ್ನ ಹೆಗಲನ್ನೇ ನಾಲ್ಕೈದು ಥರ ಅಳೆದೆ. ಬಸಪ್ಪನನ್ನು ಅಳೆದೆ, ಮನೆಯೊಡತಿಯನ್ನು ಅಳೆದೆ. ಬೇಸರ ಬಂದು ಕುರ್ಚಿಯ ಬೆನ್ನನ್ನೂ ಅಳೆದೆ. ಮಿಕ್ಕವಕ್ಕೆ ಮನಸ್ಸಿಗೆ ಬಂದ ಕಡೆ ಗಂಟು ಹಾಕಿದೆ. ಸೋಮವಾರ ಒಂದೊಂದನ್ನೇ ಮಾದಯ್ಯನ ಕೈಗಿಟ್ಟು, ಒಂದೊಂದು ಹೆಸರು, ಒಂದೊಂದು ಊರು, ಒಂದೊಂದು ಉದ್ಯೋಗ ಹೇಳಿದೆ. ಅವನ ಬೆರಳು ಒಂದು ದಾರದ ಮೇಲೆ ನಿಂತಿತು.

"ಇವ್ರು ಯಾರಂದೆ?"

"ವಕೀಲರು ತಾತ."

"ಎದೆನೂ ಬೆನ್ನೂ ಒಂದೇ ಸಮ್ಕವ್ರಲ್ಲಮ್ಮಿ. ಹಲ್ಗೆ ಇದ್ದಂಗವ್ರೆ."

"ಅವರು ತುಂಬಾ ನೆಟ್ಟಗೆ ಕೂರುತ್ತಾರೆ."

"ಕೂತೂ ಕೂತೂ ಕುರ್ಚಿನೇ ಆಗೋಗ್ಬುಟ್ಟವ್ರೆ ಬುಡು, ಪಾಪ."

ಪುಟ್ಟತಾಯಿ ನೂಲು ಸುತ್ತುತ್ತಿದ್ದವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಗಡಿಬಿಡಿಯಿಂದ ಮುಂದಿನ ದಾರ ತೆಗೆದೆ. ಇವರು ತುಮಕೂರಿನ ಕಡೆಯ ಒಬ್ಬ ಮೇಷ್ಟ್ರು. ದಿನಾ ಆರು ಮೈಲಿ ನಡೆದು ಸ್ಕೂಲಿಗೆ ಹೋಗುತ್ತಾರೆ. ಮುಂದಿನ ಚೀಲದಲ್ಲಿ ಪುಸ್ತಕ, ಹಿಂದಿನದರಲ್ಲಿ ಬುತ್ತಿ. ಆರು ಮೈಲಿ ಎಂದು ಯಾಕೆ ಹೇಳಿದೆನೋ! ಮೇಷ್ಟ್ರು ಎಂದು ಸುಮ್ಮನಾಗಿದ್ದರೆ ಸಾಕಿತ್ತು. ಕಾಲೇಜಿನಲ್ಲಿ ಕಥೆ ಬರೆಯುತ್ತಿದ್ದ ಹಾಳು ಚಟ.

ಮಗ್ಗ ನಡೆಯಿತು. ಅದರೊಂದಿಗೆ ನನ್ನ ಇನ್ನೊಂದು ಕಷ್ಟವೂ ಶುರುವಾಯಿತು. ಮಾದಯ್ಯ ಆ ಐವತ್ತು ಜನರನ್ನು ವಿಚಾರಿಸಿಕೊಳ್ಳತೊಡಗಿದ. ನಾನು ಬಸ್ಸಿಳಿದು ಬರುವುದೇ ತಡ: "ವಕೀಲ್ರಿಗ ಸರೋಯ್ತಂತಾ?" "ಆ ದಾವಣಗೆರೆ ಸೊಸೆಗ ಹೆರ್ಗೆ ಆಯ್ತಾ? ಹಂಗಾರ ಇನ್ನೊಂದು ಮೂರ್ತಿಂಗ್ಳು ಎಗ್ಲಿಗ ಭಾರ ಹಾಕ್ಬಾರ್ದು ಅನ್ನು." ನಾನು ಹೆರಿಗೆ ಮಾಡಿಸಬೇಕಾಯಿತು, ಜ್ವರ ಬಿಡಿಸಬೇಕಾಯಿತು, ಒಬ್ಬರಿಗೆ ಶಿವಮೊಗ್ಗಕ್ಕೆ ವರ್ಗ ಮಾಡಿಸಬೇಕಾಯಿತು. ತಿಂಗಳ ವರದಿಯಲ್ಲಿ ನಿಜ, ಹಂಗಳದ ಜಗಲಿಯಲ್ಲಿ ಸುಳ್ಳು. ಕೆಲವೊಮ್ಮೆ ಎರಡೂ ಕಲಸಿಹೋಗುತ್ತಿದ್ದವು.

ಪ್ರತಿಯೊಂದು ಹಸುಬೆಗೂ ಅವನದೊಂದು ಪರೀಕ್ಷೆಯಿತ್ತು. ಎರಡೂ ಕಡೆಗೆ ಸೇರಿನಲ್ಲಿ ಸಮನಾಗಿ ರಾಗಿ ಅಳೆದು ತುಂಬಿ, ತನ್ನ ಹೆಗಲ ಮೇಲೆ ಹಾಕಿಕೊಂಡು, ಕೈ ಮುಟ್ಟಿಸದೆ ಬಾವಿಯವರೆಗೆ ಹೋಗಿ ಬರುತ್ತಿದ್ದ. ಚೀಲ ಕೂತಲ್ಲೇ ಕೂತಿದ್ದರೆ ಪಾಸು. ಮುಂದಕ್ಕೆ ಜಾರಿದರೆ "ಕತ್ತು ಕೆಟ್ಟದೆ" ಎಂದು ಎಳೆಯೆಳೆಯಾಗಿ ಬಿಚ್ಚಿಹಾಕುತ್ತಿದ್ದ. ಮೊದಮೊದಲು ಅಪರೂಪಕ್ಕೆ ಒಂದು ಫೇಲಾಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮೂರಕ್ಕೊಂದು. ನಾಲ್ಕು ದಿನದ ಕೆಲಸ ನನ್ನ ಕಣ್ಣೆದುರಿಗೇ ಮತ್ತೆ ನೂಲಾಗುತ್ತಿತ್ತು. ಕೈ ಹಿಡಿದುಕೊಂಡು ಬೇಡಿಕೊಂಡರೂ ಬಿಡುತ್ತಿರಲಿಲ್ಲ.

"ಸರ್ಯಾಗೇ ಅದ ಕಣ್ ಮಾವ. ನೋಡು, ನನ್ ಎಗ್ಲಲ್ಲಿ ಜಾರ್ದು" ಎಂದು ಪುಟ್ಟತಾಯಿ ಒಮ್ಮೆ ತಾನೇ ಹಾಕಿಕೊಂಡು ಬಾವಿಗೆ ಹೋಗಿಬಂದಳು.

"ಎಂಗುಸ್ರು ಎಗ್ಲು ಬ್ಯಾರೆ. ಐವತ್ತು ವರ್ಸದಿಂದ ನೋಡ್ತಾ ಇರೋದು ಈ ಎಗ್ಲು" ಎಂದು ತನ್ನ ಭುಜ ತಟ್ಟಿಕೊಂಡ. "ಮಾತು ಸಾಕು, ನೂಲು ಸುತ್ತು."

"ಯಾವಾಗ್ಲೂ ನೂಲೇ ಸುತ್ಲಾ? ಕತ್ತು ಯಾವಾಗ ಯೇಳ್ಕೊಡೀಯೆ?"

"ಐವತ್ತು ಮುಗೀಲಿ. ಆಮ್ಯಾಕ."

ನಲವತ್ತನೆಯದು ತುಮಕೂರಿನ ಮೇಷ್ಟ್ರದು. ಅದೂ ಮುಂದಕ್ಕೆ ಜಾರಿತು. ಬಿಚ್ಚಲೆಂದು ಅದನ್ನು ಮಗ್ಗದ ಪಕ್ಕಕ್ಕಿಟ್ಟು, ತಿಥಿಯೊಂದಕ್ಕೆಂದು ಮಾದಯ್ಯ ಉಡಿಗಾಲಕ್ಕೆ ಹೋದ. ಅದೇ ದಿನ ನಾನು ಎರಡನೆಯ ಮೂಟೆ ಕಟ್ಟಿ ಚಾಮರಾಜನಗರಕ್ಕೆ ಸಾಗಿಸಬೇಕಿತ್ತು, ಅಲ್ಲಿಂದ ರೈಲಿಗೆ. ಎರಡೂ ಮೂಟೆ ಸೇರಿ ನಲವತ್ತು ಕಳಿಸುತ್ತೇನೆಂದು ಬರೆದಿದ್ದೆ, ಎಣಿಸಿದರೆ ಮೂವತ್ತೊಂಬತ್ತು. ಮೇಷ್ಟ್ರ ಹಸುಬೆಯನ್ನು ಎತ್ತಿ ನೋಡಿದೆ. ನನ್ನ ಕಣ್ಣಿಗೆ ಅದರಲ್ಲಿ ಯಾವ ಐಬೂ ಕಾಣಲಿಲ್ಲ. ಮೂಟೆಗೆ ಸೇರಿಸಿದೆ.

ಅವನು ಬಂದು ಹುಡುಕಿದ. ನಾನು ಎದೆ ಗಟ್ಟಿ ಮಾಡಿಕೊಂಡು, ಮೇಷ್ಟ್ರಿಗೆ ರಜೆ ಮುಗಿದು ಸ್ಕೂಲು ಶುರುವಾಯಿತಂತೆ, ಬೇಗ ಬೇಕೆಂದರು, ಕಳಿಸಿಬಿಟ್ಟೆ ಎಂದೆ. ಕೂಗಾಡುತ್ತಾನೆಂದುಕೊಂಡಿದ್ದೆ. ಕೂಗಾಡಲಿಲ್ಲ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದ, ಹಚ್ಚಿದ್ದನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡ.

"ಆರು ಮೈಲಿ ಅಂದಿದ್ದಲ್ಲಮ್ಮಿ?"

"ಹೂಂ."

"ಓಯ್ತಾ ಆರು, ಬತ್ತಾ ಆರು. ಹನ್ನೆರ್ಡು ಮೈಲಿ ಆ ಮನ್ಸುನ್ ಎಗ್ಲ ಮುಂದ್ಕ ಜಗ್ತಾ ಇರ್ತದ. ದಿನಾ ಜಗ್ತದ. ಸಾಯಂಕಾಲ ಮನಗೋಗಿ, ಯಾವ್ ಮುಟ್ಠಾಳ ನೇಯ್ದುದ್ನೋ ಅಂತ ಭುಜ ಉಜ್ಕತಾನೆ. ಅದು ನನ್ ಕೈ ಕಣಮ್ಮಿ. ನನ್ ಕೈ ಅಲ್ಲಿ ಓಗಿ ಅವ್ನ್ಗ ನೋವು ಕೊಡ್ತಾ ಅದ." ಎಲೆಯನ್ನು ಕೆಳಗಿಟ್ಟ. "ಅದ್ನ ತರ್ಸು. ಬಿಚ್ಚಿ ನೇಯ್ದು ಕೊಡ್ತಿನಿ. ಅಲ್ಲಿಗಂಟ ಮಗ್ಗಕ್ಕ ಕೂರಲ್ಲ."

ಕೂರಲಿಲ್ಲ. ಹತ್ತು ಹಸುಬೆ ಬಾಕಿ, ಮೂರು ತಿಂಗಳು ಬಾಕಿ. ನಾನು ಬೈದೆ, ಅತ್ತೆ, ಬಸಪ್ಪನ ಕೈಯಲ್ಲಿ ಹೇಳಿಸಿದೆ, ಊರ ಪಟೇಲರ ಕೈಯಲ್ಲಿ ಹೇಳಿಸಿದೆ. ಪುಟ್ಟತಾಯಿ, "ಕತ್ತ ನಂಗಾದ್ರೂ ಯೇಳ್ಕೊಡು, ನಾನು ಮುಗುಸ್ತಿನಿ" ಎಂದಳು. "ಮೇಷ್ಟ್ರುದು ಬರ್ಲಿ" ಎಂದ. ಯಾರು ಏನೇ ಕೇಳಿದರೂ ಅದೊಂದೇ ಉತ್ತರ. ಇಲ್ಲದ ಮನುಷ್ಯನೊಬ್ಬನ ಭುಜದ ನೋವಿಗೆ ಇರುವ ಕೇಂದ್ರವೊಂದು ಮುಚ್ಚಿಹೋಗುತ್ತಿತ್ತು, ಮತ್ತು ಆ ಮನುಷ್ಯನನ್ನು ಹುಟ್ಟಿಸಿದವಳು ನಾನೇ.

ನಿಜ ಹೇಳಿಬಿಡಬೇಕೆಂದು ಒಂದು ಬೆಳಗ್ಗೆ ಊಟಿ ಬಸ್ಸು ಹತ್ತಿದೆ. ಹಂಗಳ ಬರುವವರೆಗೂ ಮಾತುಗಳನ್ನು ಜೋಡಿಸಿಕೊಂಡೆ. ಮಾದಯ್ಯ ನನ್ನನ್ನು ದೂರದಿಂದ ಕಂಡವನೇ ಎದ್ದು ಬಂದ. ನಿದ್ದೆಯಿಲ್ಲದ ಕಣ್ಣು.

"ಅಮ್ಮಿ, ನಂಗೊಂದು ಯೋಚ್ನ ಬಂದದ. ಅದು ಬರೊಗಂಟ ಮೇಷ್ಟ್ರು ಚೀಲ್ವ ತಿರ್ಗುಸಿ ಹಾಕ್ಕಳ್ಲಿ. ಮುಂದ್ಲುದು ಹಿಂದ್ಕ. ಬುತ್ತಿ ಎದೆ ಕಡೆ ಬರ್ಲಿ, ಪುಸ್ತ್ಕ ಬೆನ್ಗ ಓಗ್ಲಿ. ವಸಿ ತಡೀತದೆ. ಇವತ್ತೇ ಬರುದ್ಬುಡು."

"ಬರೀತೀನಿ ತಾತ" ಎಂದೆ. ಜೋಡಿಸಿಕೊಂಡು ಹೋಗಿದ್ದ ಮಾತನ್ನು ಹಾಗೇ ವಾಪಸು ಹೊತ್ತು ತಂದೆ. ಆವತ್ತು ನಾನು ಸುಮ್ಮನಾದದ್ದು ಅವನ ಮೇಲಿನ ಮರುಕದಿಂದ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಕೆಲಸ ಹೋದೀತೆಂಬ ಭಯವೂ ಇತ್ತು. ಆ ಜಗಲಿಯ ಮುಂದೆ ಸಣ್ಣವಳಾಗಲು ಇಷ್ಟವಿಲ್ಲದ ಜಂಬವೂ ಇತ್ತು. ಯಾವುದು ಎಷ್ಟಿತ್ತು ಎಂದು ಇಷ್ಟು ವರ್ಷದ ಮೇಲೆ ಅಳೆಯುವ ಸೇರು ನನ್ನ ಹತ್ತಿರ ಇಲ್ಲ.

ಹದಿನೈದು ದಿನ ಬಿಟ್ಟು ಮೇಷ್ಟ್ರೇ ಬರೆದಂತೆ ನಾನೇ ಒಂದು ಕಾಗದ ಬರೆದು, ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಹಸುಬೆ ಬಹಳ ಚೆನ್ನಾಗಿದೆ, ಭುಜಕ್ಕೆ ನೋವೇ ಇಲ್ಲ, ನೇಯ್ದ ಕೈಗೆ ನಮಸ್ಕಾರ, ಇತ್ಯಾದಿ. ಮಾದಯ್ಯ ಕೇಳಿ ಕಣ್ಣೊರಸಿಕೊಂಡ. ಗೆದ್ದೆ ಎಂದುಕೊಂಡೆ.

"ಎಂಥಾ ದೊಡ್ಡ ಮನ್ಸ ನೋಡು ಪುಟ್ಟತಾಯಿ. ಅಷ್ಟು ನೋವಿದ್ರೂ ಒಂದ್ ಮಾತು ಆಡ್ನಿಲ್ಲ. ನಂಗ ಬೇಜಾರಾದದು ಅಂತ ಮುಚ್ಚಿಟ್ಕಂಡವ್ನೆ. ಇಂಥೋನ್ಗ ಕೆಟ್ಟ ಚೀಲ ಕೊಟ್ನಲ್ಲಾ!"

ನಾನು ಕಾಗದ ಮಡಿಚಿಕೊಂಡು ಹೊರಗೆ ಬಂದೆ. ಪುಟ್ಟತಾಯಿ ಹಿಂದೆಯೇ ಬಂದಳು.

"ಅಕ್ಕೋರೆ, ಮೇಷ್ಟ್ರು ಬರುದ್ ಕಾಗ್ದ ನಿಮ್ಮಾಪೀಸ್ ಕಾಗ್ದ ಇದ್ದಂಗದಲ್ಲ?"

ನಾನು ಕಾಗದವನ್ನು ಕೈಚೀಲಕ್ಕೆ ತುರುಕಿದೆ.

"ಕುರ್ಚಿ ವಕೀಲ್ರ ದಿನ್ವೇ ಅನ್ಕಂಡೆ. ಮಾವ್ನ್ಗ ಯೇಳ್ಬುಡ್ಲಾ?"

"ಬೇಡ ಪುಟ್ಟತಾಯಿ."

"ಬುಡಿ ಮತ್ತ. ಯೇಳುದ್ರೂ ನಂಬಲ್ಲ ಅದು. ನಿಮ್ಕಿಂತ ಮೇಷ್ಟ್ರು ಮ್ಯಾಲೇ ಜಾಸ್ತಿ ನಂಬ್ಕೆ ಅದ್ಕ."

ಬೆಂಗಳೂರಿಗೆ ಬರೆದು ಒಂದು ಹಸುಬೆ ವಾಪಸು ತರಿಸಿದೆ. ಮಳಿಗೆಯವರಿಗೆ ಯಾವುದಾದರೇನು, ಕೈಗೆ ಸಿಕ್ಕಿದ್ದನ್ನು ಕಳಿಸಿದ್ದರು. ಮಾದಯ್ಯ ಕತ್ತಿನ ಮೇಲೆ ಹೆಬ್ಬೆರಳಾಡಿಸಿ, "ಇದು ಮೇಷ್ಟ್ರುದಲ್ಲ, ಮಂಡ್ಯದ ಕಂಟ್ರಾಕ್ಟ್ರುದು. ಅವ್ರ್ದ್ಯಾಕ ಕಿತ್ಕಂಡ್ ಬಂದೆ? ವಾಪಸ್ ಕಳ್ಸು, ಬಯ್ಕತಾರೆ" ಎಂದ. ಚಾಮರಾಜನಗರದಲ್ಲಿದ್ದ ನಮ್ಮ ಮೇಲಧಿಕಾರಿ ಕರೆಸಿ ಕೇಳಿದರು: "ನೇಕಾರ ಯಾಕೆ ಕೆಲಸ ನಿಲ್ಲಿಸಿದ್ದಾನೆ?" "ಮನಸ್ಸಿಗೆ ನೋವಾಗಿದೆ ಸಾರ್." "ಯಾರು ನೋಯಿಸಿದರು?" ನಾನು ತಿಂಗಳ ವರದಿಯನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ವರ್ಷ ಮುಗಿಯಲಿ, ಮುಚ್ಚಿಬಿಡಿ ಎಂದರು.

ಮುಚ್ಚಲು ಹೋದ ದಿನವೇ ನಾನು ಮಾದಯ್ಯನನ್ನು ಕಡೆಯದಾಗಿ ಕಂಡದ್ದು. ಇಲಾಖೆಯ ಮಗ್ಗವನ್ನೂ ಬೋರ್ಡನ್ನೂ ಬಸಪ್ಪ ಗಾಡಿಗೆ ಹೇರುತ್ತಿದ್ದ. ಮಾದಯ್ಯ ಜಗಲಿಯ ಮೇಲೆ ಕೂತು ಹೇರುವವರ ಹೆಗಲು ನೋಡುತ್ತಿದ್ದ. ನನಗೆ ಅವನ ಕಡೆ ತಿರುಗುವುದಕ್ಕೂ ಮನಸ್ಸಿರಲಿಲ್ಲ. ಅಷ್ಟು ಹೊತ್ತಿಗೆ ಪುಟ್ಟತಾಯಿ ಒಂದು ದಾರ ಹಿಡಿದುಕೊಂಡು ಒಳಗಿನಿಂದ ಬಂದು ಅವನ ಮುಂದೆ ನಿಂತಳು.

"ಮಾವ, ಏಳು. ನೆಟ್ಗ ನಿಂತ್ಕ."

"ಯಾಕ?"

"ನಿಂಗೊಂದು ಅಸುಬೆ ನೇಯ್ತಿನಿ. ಕತ್ತು ನೀನು ಯೇಳ್ಕೊಡ್ಬೇಕು."

"ಮೇಷ್ಟ್ರುದು ಬರ್ದೆ..."

"ಮೇಷ್ಟ್ರು ಅವ್ರ ಊರಲ್ಲವ್ರೆ. ನೀನು ಇಲ್ಲೇ ಇದ್ದಿಯೆ. ಊರ್ಗೆಲ್ಲ ನೇಯ್ದೆ, ನಿಂಗೇ ಅಂತ ಒಂದು ನೇಯ್ಕಂಡಿದ್ದಿಯಾ? ಎಗ್ಲು ಕಣ್ಮುಂದದ, ಇನ್ನೇನು ಬೇಕು? ಏಳು ಅಂದ್ರ ಏಳು."

ಯಾಕೋ ಎದ್ದ. ಅವಳು ದಾರವನ್ನು ಅವನ ಸೊಂಟದಿಂದ ಹೆಗಲಿಗೆ ಹಾಯಿಸಿ, ಗಂಟು ಹಾಕಿ, ಬೆನ್ನಿಗೆ ಇಳಿಬಿಟ್ಟಳು. ತೆಗೆದು ಗಂಟಿನಲ್ಲಿ ಮಡಿಚಿ ನೋಡಿದಳು. ಮತ್ತೆ ಅಳೆದಳು.

"ಅಲ್ಲಾಡ್ಬ್ಯಾಡ ಮಾವ."

"ಯಾರಮ್ಮಿ ಅಲ್ಲಾಡ್ದೋರು?"

"ಮುಂದ್ಲುದ್ಕಿಂತ ಹಿಂದ್ಲುದು ಅರ್ಧ ಗೇಣು ಹೆಚ್ಗದ."

"ಅಳಿಯಾಕ್ ಬರಲ್ಲ ನಿಂಗ. ಕೊಡಿಲ್ಲಿ."

ದಾರ ಕಿತ್ತುಕೊಂಡು, ಕಣ್ಣು ಮುಚ್ಚಿ, ಎಂದಿನಂತೆ ಬೆರಳಲ್ಲಿ ಎಳೆದುಕೊಂಡ. ಗಂಟು ದಾಟಿದ, ತುದಿ ಮುಟ್ಟಿದ, ಹಿಂದಕ್ಕೆ ಬಂದ.

"ಇದು ಯಾವ್ ಮುದ್ಕುಂದು? ಬೆನ್ನು ಪೂರಾ ಬಾಗೋಗದೆ."

"ನಿಂದೇ ಮಾವ."

ಅವನು ಕಣ್ಣು ಬಿಟ್ಟ. ಗಾಡಿಗೆ ಹೇರುತ್ತಿದ್ದ ಬಸಪ್ಪನೂ ನಿಂತು ನೋಡಿದ. ಮಗ್ಗಕ್ಕೆ ಬಗ್ಗಿ ಬಗ್ಗಿ ಮಾದಯ್ಯನ ಬೆನ್ನು ಗೂನಾಗಿದ್ದುದು ಹಂಗಳಕ್ಕೆಲ್ಲ ಕಾಣುತ್ತಿತ್ತು; ಹೆಗಲು ಎದೆಯ ಕಡೆಗೆ ವಾಲಿತ್ತು. ಎಲ್ಲರ ಹೆಗಲನ್ನೂ ಬಲ್ಲವನಿಗೆ ಅದೊಂದು ಗೊತ್ತಿರಲಿಲ್ಲ. ನಮಗೂ ಅದರಿಂದ ಏನಾಗುತ್ತದೆಂದು ಹೊಳೆದಿರಲಿಲ್ಲ.

ಪುಟ್ಟತಾಯಿಗೆ ಹೊಳೆಯಿತು. ಮಗ್ಗ ನಿಲ್ಲಿಸುವ ಮುಂಚೆ ಫೇಲಾಗಿ, ಬಿಚ್ಚಲೆಂದು ಗೂಟಕ್ಕೆ ಹಾಕಿದ್ದ ಹಸುಬೆಯೊಂದನ್ನು ತಂದು, ಎರಡು ಕಡೆಗೂ ರಾಗಿ ತುಂಬಿ ಬಸಪ್ಪನ ಹೆಗಲಿಗೆ ಹಾಕಿದಳು. ಅವನು ಬಾವಿಗೆ ಹೋಗಿ ಬಂದ, ಕೂತಲ್ಲೇ ಕೂತಿತ್ತು. ನನ್ನ ಹೆಗಲಿಗೆ ಹಾಕಿದಳು, ಕೂತಲ್ಲೇ ಕೂತಿತ್ತು. ಮಾದಯ್ಯ ಹಾಕಿಕೊಂಡು ನಾಲ್ಕು ಹೆಜ್ಜೆ ಇಡುವುದರೊಳಗೆ ಜಾರಿ ಎದೆಗೆ ಬಿತ್ತು.

"ಚೀಲ ಅಲ್ಲ ಮಾವ" ಎಂದಳು ಪುಟ್ಟತಾಯಿ, ಮೆಲ್ಲಗೆ. "ನೀನು."

ನನಗೆ ರೇಗಿಹೋಯಿತು. ಅವನು ಬಿಚ್ಚಿಹಾಕಿದ್ದು ಹತ್ತಕ್ಕೂ ಹೆಚ್ಚು ಹಸುಬೆ! ಅವುಗಳನ್ನು ಬಿಚ್ಚದಿದ್ದರೆ ಐವತ್ತು ಎಂದೋ ಮುಗಿಯುತ್ತಿತ್ತು. ಕೇಂದ್ರ ಉಳಿಯುತ್ತಿತ್ತು, ಗಾಡಿ ಬರುತ್ತಿರಲಿಲ್ಲ. "ಬಿಚ್ಚಿದ್ದೆಲ್ಲ ಸರಿಯಾಗೇ ಇತ್ತಲ್ಲ ತಾತ! ನಾನು ಎಷ್ಟು ಸಲ ಬೇಡಿಕೊಂಡೆ, ಎಷ್ಟು ಸಲ!" ಎಂದು ಬೀದಿಯಲ್ಲೇ ಕೂಗಿದೆ. ಇದು ಡೈರಿಯಲ್ಲಿದೆ: "ಎಲ್ಲರೆದುರು ಕೂಗಾಡಿದೆ, ನಾಚಿಕೆ."

ಮಾದಯ್ಯನಿಗೆ ನನ್ನ ಕೂಗು ಕೇಳಿಸಿದಂತೆ ತೋರಲಿಲ್ಲ. ಎದೆಯ ಮೇಲೆ ಜೋತಿದ್ದ ಹಸುಬೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ. ನಿಧಾನವಾಗಿ ಅವನ ಮುಖ ಅರಳಿತು. ಅಂಥ ಮುಖವನ್ನು ನಾನು ಆ ಒಂದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅದೂ, ಮೊದಲ ಸಲ, ನನ್ನ ಹೆಗಲು ಬಿಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದ.

"ಅಂದ್ರ ಮೇಷ್ಟ್ರುದು ಸರ್ಯಾಗೇ ಇತ್ತು!"

"ಇತ್ತು" ಎಂದಳು ಪುಟ್ಟತಾಯಿ.

"ಅವ್ರು ಸುಳ್ಳು ಬರ್ದಿರ್ನಿಲ್ಲ ಕಣಮ್ಮಿ! ನೋವಿಲ್ಲ ಅಂದುದ್ದು ನಿಜ್ವೇ! ಅಯ್ಯೋ, ನಾನು ತಿರ್ಗುಸಿ ಹಾಕ್ಕಳಿ ಅಂತ ಬೇರೆ ಯೇಳಿ ಕಳುಸ್ದ್ನಲ್ಲ. ಪಾಪ, ಹಂಗೇ ಹಾಕ್ಕಂಡು ತಿರುಗ್ತಾ ಅವ್ರೋ ಏನೋ. ಮದ್ಲಿನಂಗೇ ಹಾಕ್ಕಳಿ ಅಂತ ಇವತ್ತೇ ಬರುದ್ಬುಡು."

ರಸ್ತೆಯ ಕಡೆ ಬಸ್ಸಿನ ಹಾರನ್ ಕೇಳಿಸಿತು. ಪುಟ್ಟತಾಯಿ ಆಗಲೇ ಅವನ ತೋಳು ಹಿಡಿದು, "ಕಾಗ್ದ ಬರೀತಾರೆ, ನೀನು ಒಳಕ್ ಬಾ, ಕತ್ತು ಯೇಳ್ಕೊಡು" ಎಂದು ಹಳೆಯ ಮಗ್ಗದ ಕಡೆಗೆ ಎಳೆಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ತಿರುಗಿದ.

"ಹೆಸ್ರು ಹಾಕಿ ಬರಿ. ಬರೇ ಮೇಷ್ಟ್ರು ಅಂತ ಬರುದ್ರ ಆ ಊರಲ್ಲಿ ನಾಕ್ ಜನ ಮೇಷ್ಟ್ರು ಇರ್ತಾರೆ, ಇನ್ಯಾರ್ಗೋ ಓದಾತು. ಎಲ್ಲಿ, ಏನಂತ ಬರ್ದೀಯೆ ಯೇಳು?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಐವತ್ತು ಹೆಸರುಗಳಲ್ಲಿ ಅದು ಯಾವುದಿತ್ತೋ, ಎಷ್ಟು ತಡಕಿದರೂ ಸಿಗಲಿಲ್ಲ. ಪುಟ್ಟತಾಯಿ ನೆಲ ನೋಡಿದಳು.

"ಅನಂತಯ್ಯ ಕಣಮ್ಮಿ" ಎಂದ ಮಾದಯ್ಯ. "ಅನಂತಯ್ಯ ಮೇಷ್ಟ್ರು. ನೀನೇ ಯೇಳಿದ್ದಲ್ಲ, ಮರ್ತ್ಬುಟ್ಟಾ?"

"ಹೌದು ತಾತ, ಅನಂತಯ್ಯ ಮೇಷ್ಟ್ರು" ಎಂದು ಹೇಳಿ, ನಾನು ಬಸ್ಸಿನ ಕಡೆಗೆ ಓಡಿದೆ.